ಇತ್ಯಾದಿಗೆ ಕಟ್ಟಿದ ಶುಲ್ಕ

ಇತಿಹಾಸದ ಪಾಠವನ್ನು ರಾಜರ ವಂಶಾವಳಿಯಿಂದ ಬಿಡಿಸಿ, ಅವರ ಅಡುಗೆಯವರ, ಕಾವಲಿನವರ, ಕೋಟೆಗೆ ಕಲ್ಲು ಹೊತ್ತವರ ಬದುಕಿನತ್ತ ಹೊರಳಿಸಿದ ಅಧ್ಯಾಪಕರ ಸಾಲಿನಲ್ಲಿ, ಈಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಪ್ರಾಧ್ಯಾಪಕರಿಗೆ ಗೌರವದ ಸ್ಥಾನವಿದೆ. ಅವರ ಸಂಶೋಧನೆಯನ್ನು ಕುರಿತು ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ನಾನು ಅವರ ವಿದ್ಯಾರ್ಥಿನಿಯಾಗಿದ್ದು, ಆಮೇಲೆ ಅದೇ ವಿಭಾಗದಲ್ಲಿ ಅವರ ಪಕ್ಕದ ಮೇಜಿನಲ್ಲಿ ಕುಳಿತು ಪಾಠ ಹೇಳಿದವಳು. ಅಭಿನಂದಿಸಲೆಂದು ಲೇಖನಿ ಹಿಡಿದರೂ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಅದಕ್ಕೆ ಕಾರಣ ನನ್ನ ಮಗಳು, ಮತ್ತು ಸ್ವತಃ ಅವರೇ.

ಕಾಲೇಜಿನ ತುಂಬ ಅವರು ‘ಇತ್ಯಾದಿ ಮೇಷ್ಟ್ರು’. ಉತ್ತರಪತ್ರಿಕೆಯಲ್ಲಿ ‘ಸೈನಿಕರು, ವರ್ತಕರು ಇತ್ಯಾದಿ’ ಎಂದು ಯಾರಾದರೂ ಬರೆದರೆ ಆ ಕೊನೆಯ ಪದದ ಸುತ್ತ ಕೆಂಪು ಶಾಯಿಯ ಸುತ್ತು ಬೀಳುತ್ತಿತ್ತು. ಪತ್ರಿಕೆ ಹಿಂತಿರುಗಿಸುವಾಗ ತುಂಬಿದ ತರಗತಿಯಲ್ಲಿ ಕೇಳುತ್ತಿದ್ದರು: “ಇತ್ಯಾದಿ ಅಂದ್ರೆ ಯಾರಮ್ಮಾ? ಅವರಿಗೆ ಹೆಂಡ್ತಿ ಮಕ್ಕಳು ಇರಲಿಲ್ವಾ?” ನಾವು ಪಿಳಿಪಿಳಿ ಕಣ್ಣು ಬಿಡುತ್ತಿದ್ದೆವು. ಬರಬರುತ್ತ, ಆ ಪದ ಬರೆಯಹೋದ ಕೈ ತಾನಾಗಿ ತಡೆಯುವಂತಾಯಿತು.

ನನ್ನ ಮೊದಲ ವರ್ಷ ಮುಗಿದಾಗ ದರ್ಜಿಯಾಗಿದ್ದ ಅಪ್ಪ, ಕಲಾ ಪದವಿಯಿಂದ ಮೂರು ಕಾಸಿನ ಪ್ರಯೋಜನವಿಲ್ಲವೆಂದು ನನ್ನನ್ನು ಕಾಲೇಜು ಬಿಡಿಸಿ ಹೊಲಿಗೆ ಯಂತ್ರದ ಮುಂದೆ ಕೂರಿಸಿದರು. ಮೇಷ್ಟ್ರು ಅಂಗಡಿಗೆ ಬಂದರು. ಬುದ್ಧಿವಾದ ಹೇಳಲಿಲ್ಲ, ಪ್ಯಾಂಟು ಉದ್ದವಾಗಿದೆ, ತುಸು ಗಿಡ್ಡ ಮಾಡಿಕೊಡಿ ಎಂದರು. ಮರುವಾರ ಅದೇ ಪ್ಯಾಂಟು, ಅದೇ ಬೇಡಿಕೆ. ಅಪ್ಪ ಬಿಚ್ಚಿ, ಕತ್ತರಿಸಿ, ಹೊಲಿಯುವಷ್ಟು ಹೊತ್ತೂ ತುಂಡುಬಟ್ಟೆಗಳ ನಡುವೆ ಸ್ಟೂಲಿನ ಮೇಲೆ ಕುಳಿತು, ಹಳೆಯ ಕಾಲದ ದರ್ಜಿಗಳ ಕಥೆ ಹೇಳುತ್ತ, ನಡುನಡುವೆ ನಾನು ಬರೆದಿದ್ದ ಪ್ರಬಂಧದ ಮಾತು ತೆಗೆಯುತ್ತಿದ್ದರು. ಕೊನೆಗೆ ಅಪ್ಪನೇ ಸೋತರು: “ಮೇಷ್ಟ್ರೇ, ಇನ್ನೂ ಕತ್ತರಿಸಿದ್ರೆ ಚಡ್ಡಿ ಆಗುತ್ತೆ. ನಾಳೆಯಿಂದ ಮಗಳನ್ನ ಕಳಿಸ್ತೀನಿ, ನಿಮ್ಮ ಪ್ಯಾಂಟು ಉಳಿಸ್ಕೊಳ್ಳಿ.”

ಆಗಿನ ಶುಲ್ಕ ಅಪ್ಪ ಗೊಣಗಿಕೊಂಡಾದರೂ ಕಟ್ಟಬಲ್ಲಷ್ಟಿತ್ತು. ಅದು ವರ್ಷವರ್ಷವೂ ಏರಿ, ನಾನು ಇಡೀ ಪದವಿಗೆ ಕಟ್ಟಿದ್ದು ಇಂದು ಗ್ರಂಥಾಲಯದ ಠೇವಣಿಗೂ ಸಾಲದು. ಈ ವರ್ಷ ನನ್ನ ಮಗಳು ಇತಿಹಾಸವನ್ನೇ ಓದುತ್ತೇನೆಂದು ಹಟ ಹಿಡಿದಾಗ, ಅದೇ ಪಾಠ ಹೇಳಿ ಸಂಬಳ ತರುವ ನನ್ನ ಬಾಯಿಂದ ‘ಸರಿ’ ಎಂಬ ಮಾತು ಹೊರಡಲಿಲ್ಲ. ಯಜಮಾನರು ನನ್ನ ಮುಖ ನೋಡಿದರು. “ಬೇರೆಯವರ ಮಕ್ಕಳಾದ್ರೆ ಬನ್ನಿ ಬನ್ನಿ ಅಂತೀಯ. ನಮ್ಮ ಮಗಳು ಅಂದ್ರೆ ಯಾಕೆ ನಾಲಿಗೆ ಒಣಗ್ತಿದೆ?” ಎಂದರು.

ಮಗಳನ್ನು ಕರೆದುಕೊಂಡು ವಿಭಾಗದ ಕೊಠಡಿಗೆ ಹೋದೆ. ಮೇಷ್ಟ್ರು ತಮ್ಮ ಕಪಾಟು ಖಾಲಿ ಮಾಡುತ್ತಿದ್ದರು. ಅವರು ನಾಲ್ಕು ಧೈರ್ಯದ ಮಾತು ಹೇಳಿದರೆ ನನ್ನ ಹೊರೆ ಇಳಿಯುತ್ತದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಮಗಳು ಪ್ರವೇಶದ ಕೈಪಿಡಿಯನ್ನು ಅವರ ಮುಂದೆ ಬಿಡಿಸಿ ಹಿಡಿದಳು.

“ತಾತ, ಇದನ್ನ ಬರೆದಿದ್ದು ನೀವೇ ಅಂತಲ್ಲ? ‘ಇತಿಹಾಸ ಓದಿದವರಿಗೆ ಬೋಧನೆ, ಪತ್ರಿಕೋದ್ಯಮ, ಆಡಳಿತ ಇತ್ಯಾದಿ ಕ್ಷೇತ್ರಗಳಲ್ಲಿ ಅವಕಾಶಗಳಿವೆ.’ ಇತ್ಯಾದಿ ಅಂದ್ರೆ ಯಾವುದು? ಇಷ್ಟೊಂದು ಶುಲ್ಕ ಕಟ್ಟೋದು ಅದಕ್ಕೇನಾ?”

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಆ ಸಾಲನ್ನು ಮತ್ತೆ ಮತ್ತೆ ಓದಿದರು. ಆಮೇಲೆ ಕೆಮ್ಮು ಬರುವಷ್ಟು ನಕ್ಕರು.

“ಸಿಕ್ಕಿಹಾಕ್ಕೊಂಡೆ ಕಣಮ್ಮ. ಪ್ರಿನ್ಸಿಪಾಲರು ಅವಸರ ಮಾಡಿದ್ರು, ನನಗೂ ಮುಂದೆ ಏನು ಬರೀಬೇಕು ಅಂತ ಹೊಳೀಲಿಲ್ಲ.”

ಕುರ್ಚಿ ಎಳೆದುಕೊಂಡು ತಮ್ಮ ಹಳೆಯ ವಿದ್ಯಾರ್ಥಿಗಳನ್ನು ನೆನೆಯುತ್ತ ಒಂದೊಂದೇ ಬೆರಳು ಮಡಿಚತೊಡಗಿದರು. ಔಷಧಿ ಅಂಗಡಿ ನಡೆಸುವವಳು. ನ್ಯಾಯಾಲಯದ ದುಭಾಷಿ. ಬಸ್ ಕಂಡಕ್ಟರ್, ಈಗಲೂ ಪುಸ್ತಕ ಕೇಳಿಕೊಂಡು ಬರುತ್ತಾನೆ. ಎಲ್ಲೂ ಕೆಲಸ ಸಿಗದೆ, ಮೇಷ್ಟ್ರು ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗಿಬಿಡುವವನು. ಅವನ ಲೆಕ್ಕಕ್ಕೂ ಬೆರಳು ಮಡಿಚಿ, “ಇವನನ್ನ ಬಿಟ್ಟು ಹೇಳಿದ್ರೆ ಸುಳ್ಳಾಗುತ್ತೆ” ಎಂದರು.

“ಹಾಗಾದ್ರೆ ನಾನು ಸೇರಲೋ ಬೇಡವೋ?”

“ಗೊತ್ತಿಲ್ಲಮ್ಮ. ನಿಮ್ಮಮ್ಮ ಓದುವಾಗ ಹೆಜ್ಜೆ ತಪ್ಪಿದ್ರೂ ತಿದ್ದಿಕೊಳ್ಳೋಕೆ ಆಗ್ತಿತ್ತು. ಈಗ ತಪ್ಪೋದಕ್ಕೂ ಶ್ರೀಮಂತರಾಗಿರಬೇಕು. ಓದು ಹಾಳಾಗಿಲ್ಲ. ನನ್ನ ಸಿಟ್ಟೆಲ್ಲ ಆ ಶುಲ್ಕದ ಮೇಲೆ.”

ನನಗೆ ಅವರ ಮೇಲೆಯೇ ಸಿಟ್ಟು ಬಂತು. ಅಪ್ಪನ ಮುಂದೆ ಪ್ಯಾಂಟು ಹಿಡಿದು ಪಟ್ಟಾಗಿ ಕುಳಿತವರು ನನ್ನ ಮಗಳ ಮುಂದೆ ‘ಗೊತ್ತಿಲ್ಲ’ ಎಂದು ಕೈಚೆಲ್ಲಬಹುದೇ? ದಾರಿಯುದ್ದಕ್ಕೂ ಗೊಣಗಿದೆ. ಮಗಳು ಕಾಲೇಜಿನ ಗೇಟಿನ ಹತ್ತಿರ ನಿಂತಳು.

“ಅಮ್ಮಾ, ಚಿಕ್ಕಪ್ಪ, ಅಪ್ಪ, ಕೋಚಿಂಗಿನವರು, ಎಲ್ಲರಿಗೂ ನನ್ನ ಮುಂದಿನ ಬದುಕು ಚೆನ್ನಾಗಿ ಗೊತ್ತು. ಗೊತ್ತಿಲ್ಲ ಅಂದವರು ಇವರೊಬ್ಬರೇ. ನಾನು ಇಲ್ಲೇ ಸೇರ್ತೀನಿ.”

ಶುಲ್ಕ ಕಟ್ಟಿಯಾಯಿತು. ಮೇಷ್ಟ್ರ ಹುದ್ದೆಗೆ ಇನ್ನೊಬ್ಬರನ್ನು ತೆಗೆದುಕೊಳ್ಳುವುದಿಲ್ಲವೆಂದು ಆಡಳಿತ ಮಂಡಳಿ ಆನಂತರ ತಿಳಿಸಿತು. ಅವರ ತರಗತಿಗಳು ನನ್ನ ಪಾಲಿಗೆ ಬಂದಿವೆ. ಅವರ ಆ ಒಂದು ಮಾತು ನಂಬಿ ಸೇರಿದ ಹುಡುಗಿಗೆ, ಅಷ್ಟು ಶುಲ್ಕಕ್ಕೆ ಬದಲಾಗಿ ಸಿಗುವುದು ನಾನು. ಇದನ್ನು ನೆನೆದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಇಂಥ ಲೇಖನವನ್ನು ಆಯುಸ್ಸು, ಆರೋಗ್ಯ ಇತ್ಯಾದಿಗಳನ್ನು ಹಾರೈಸಿ ಮುಗಿಸುವುದು ವಾಡಿಕೆ. ಮೇಷ್ಟ್ರಿಗೆ ಹಾಗೆ ಹಾರೈಸುವ ಧೈರ್ಯ ನನಗಿಲ್ಲ; ಬಿಡಿಸಿಯೇ ಹೇಳುತ್ತೇನೆ. ಅವರ ಮೊಣಕಾಲಿನ ನೋವು ಇಳಿಯಲಿ. ಕೋಟೆಯ ಕಾವಲಿನವರನ್ನು ಕುರಿತು ಅರ್ಧಕ್ಕೆ ನಿಂತಿರುವ ಅವರ ಪುಸ್ತಕ ಮುಗಿಯಲಿ. ಓದು ಮುಗಿಸಿದ ನನ್ನ ಮಗಳು ಕೈಮುಗಿಯಲೆಂದೋ ಜಗಳವಾಡಲೆಂದೋ ಅವರ ಮನೆಯ ಬಾಗಿಲು ತಟ್ಟಿದಾಗ ತೆರೆಯಲು ಅವರೇ ಬರಲಿ. ಅವಳು ಏನೇ ಆಗಿರಲಿ, ಅವಳ ಲೆಕ್ಕಕ್ಕೂ ಒಂದು ಬೆರಳು ಮಡಿಚಲಿ.