ಇವತ್ತು ನೀರು ಬರಲ್ಲ

ಮಾವ ನೀರು ಕುಡಿಯುವುದನ್ನು ನೋಡಲು ನಮ್ಮ ಲಾಂಡ್ರಿಯಲ್ಲಿ ಎಲ್ಲರೂ ಕೆಲಸ ನಿಲ್ಲಿಸುತ್ತಿದ್ದರು. ಎರಡು ಲೀಟರಿನ ಸ್ಟೀಲ್ ಜಗ್ ಎತ್ತಿ, ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ ಶುರು ಮಾಡಿದನೆಂದರೆ ಜಗ್ಗಿನ ತಳ ಕಾಣುವವರೆಗೆ ನಿಲ್ಲಿಸುತ್ತಿರಲಿಲ್ಲ. ಆಮೇಲೆ 'ಹಾ' ಎಂದು ದೊಡ್ಡದೊಂದು ಉಸಿರು, ಮುಂಗೈಯಲ್ಲಿ ಬಾಯಿ ಒರೆಸಿಕೊಂಡು ಎರಡನೇ ಜಗ್ಗಿಗೆ ಕೈ.

ಅವನು ಅಮ್ಮನ ಕೊನೆಯ ತಮ್ಮ. ಹದಿನೇಳು ವರ್ಷದಿಂದ ಸ್ಟೀಮ್ ಪ್ರೆಸ್ಸಿನ ಮುಂದೆ ನಿಂತಿದ್ದಾನೆ. ಹೋಟೆಲುಗಳಿಂದ ಬಂದ ಬೆಡ್‌ಶೀಟನ್ನು ಹಾಸಿ, ಸುಕ್ಕು ಬಿಡಿಸಿ, ಪೆಡಲ್ ತುಳಿದರೆ ಬುಸ್ಸೆಂದು ಆವಿ ನೇರ ಮುಖಕ್ಕೇ ಬರುತ್ತದೆ. ಯಾರ ಮನೆಗೆ ಹೋದರೂ ಅವನು ಮೊದಲು ನೋಡುವುದು ಕಿಟಕಿಯ ಪರದೆಯ ಅಂಚನ್ನು. ಮನೆಯವರ ಮುಖ ಆಮೇಲೆ. ತನ್ನ ಮದುವೆಯ ದಿನ ಅಂಗಿಯ ಕಾಲರು ಸರಿಯಿಲ್ಲವೆಂದು ಅರ್ಧ ಗಂಟೆ ತಡ ಮಾಡಿದ್ದನ್ನು ಅತ್ತೆ ಇನ್ನೂ ಆಡಿಕೊಳ್ಳುತ್ತಾಳೆ.

ಅವನ ನೀರಡಿಕೆ ಚಟವಲ್ಲ. ನಾಲ್ಕು ವರ್ಷದ ಹಿಂದೆ ಕಿಡ್ನಿಯಲ್ಲಿ ಕಲ್ಲಾಗಿ ನರಳಿದ್ದ. "ಒಂದು ಕಿಡ್ನಿ ಹೋದ ಹಾಗೇ. ಆ ಸೆಕೆಯಲ್ಲಿ ಕೆಲಸ ಮಾಡೋರು ನೀವು, ನೀರು ಕಡಿಮೆ ಮಾಡಿದ್ರೆ ಇನ್ನೊಂದೂ ಉಳಿಯಲ್ಲ" ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಆ ಮಾತನ್ನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಎನ್ನುವ ನೆವ ನನಗೆ ಬೇಡ.

ಅದೇ ಲಾಂಡ್ರಿಯಲ್ಲಿ ಬಟ್ಟೆಗಂಟುಗಳಿಗೆ ಚೀಟಿ ಬರೆಯುವುದು ನನ್ನ ಕೆಲಸ. 'ದಿಂಬಿನ ಕವರು, ಕಲೆ ಹೋಗಿಲ್ಲ.' ನಾಲ್ಕು ಪದ ದಾಟಿದರೆ ಚೀಟಿಯಲ್ಲಿ ಜಾಗವಿಲ್ಲ. ಚಿಕ್ಕದಾಗಿ ಬರೆಯುವುದು ಹೀಗೆ ಕೈಗೆ ಹತ್ತಿತ್ತು. ನಮ್ಮ ಮನೆಯವರ ಗ್ರೂಪಿನಲ್ಲಿ ಯಾರು ಯಾವ ಚಿತ್ರ ಹಾಕಿದರೂ ಅದರ ಮೇಲೆ ಒಂದು ಸಾಲು ಬರೆದು ಮೀಮ್ ಮಾಡುವವಳು ನಾನೇ. ಹೊಗಳಿ ಹೊಗಳಿ ನನ್ನನ್ನು ಅಟ್ಟಕ್ಕೇರಿಸಿದ್ದರು, ನಾನೂ ಏರಿ ಕೂತಿದ್ದೆ.

ಒಂದು ಮಧ್ಯಾಹ್ನ ಮಾವನ ಫೋಟೋ ತೆಗೆದೆ. ಕೆನ್ನೆ ಉಬ್ಬಿದೆ, ಗದ್ದದಿಂದ ನೀರು ಇಳಿಯುತ್ತಿದೆ, ಒಂದು ಕೈಯಲ್ಲಿ ಜಗ್, ಇನ್ನೊಂದು ಕೈ ಆಗಲೇ ಎರಡನೇ ಜಗ್ಗಿನ ಹಿಡಿಯ ಮೇಲೆ. ಸಂಜೆ ಮನೆಗೆ ಬಂದು ಅದರ ಮೇಲೆ 'ಒಂಟೆಗೆ ಹೊಟ್ಟೆಕಿಚ್ಚು' ಎಂದು ಬರೆದೆ, ಸಪ್ಪೆ ಎನಿಸಿತು. 'ಕೆರೆ ಎಲ್ಲಿ ಹೋಯ್ತು?' ಎಂದು ಬರೆದೆ, ಅದೂ ಹಿಡಿಸಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಪಕ್ಕದ ಮನೆಯಾಕೆ ಖಾಲಿ ಬಿಂದಿಗೆ ಕುಕ್ಕಿ, "ಇವತ್ತು ನೀರು ಬರಲ್ಲ ಕಣ್ರೀ!" ಎಂದು ಕೂಗಿದಳು. ಅದರ ಮೊದಲ ಮೂರು ಪದವನ್ನೇ ಎತ್ತಿ ಹಾಕಿದೆ.

ಇವತ್ತು ನೀರು ಬರಲ್ಲ.

ಗ್ರೂಪಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಯಾರೋ ಆಚೆಗೆ ಕಳಿಸಿದರು. ಬೇರೆ ಮಾತು ಬರೆದಿದ್ದರೆ ಅಲ್ಲಿಗೇ ಸಾಯುತ್ತಿತ್ತೇನೋ. ಆದರೆ ನಲ್ಲಿ ಕೈಕೊಡದ ಬೀದಿ ಎಲ್ಲಿದೆ? ಎಲ್ಲಿ ನೀರು ನಿಂತರೂ ಜನ ಮಾವನನ್ನು ಹಾಕತೊಡಗಿದರು. ವಾರದೊಳಗೆ ಅವನು ನಾವು ಕಂಡು ಕೇಳದ ಊರುಗಳ ಫೋನುಗಳಲ್ಲೆಲ್ಲ ನೀರು ಕುಡಿಯುತ್ತಿದ್ದ.

ಮೊದಮೊದಲು ಅವನೂ ನಕ್ಕ. ಲಾಂಡ್ರಿಯ ಗೇಟಿನಲ್ಲಿ ವಾಚ್‌ಮನ್, "ಏನಣ್ಣಾ, ನಮ್ಮ ಬೀದಿಗೂ ಒಂದು ಬಿಂದಿಗೆ ಉಳಿಸಪ್ಪಾ" ಎಂದರೆ, "ನಾಳೆ ಬಿಡ್ತೀನಿ, ಸಾಲಲ್ಲಿ ನಿಂತ್ಕೋ" ಎನ್ನುತ್ತಿದ್ದ. ಆಮೇಲೆ ಬಸ್ಸಿನಲ್ಲಿ ಗುರುತಿಲ್ಲದವರು ಬೆರಳು ತೋರಿಸಿದರು. ಲಾಂಡ್ರಿಯಲ್ಲೂ ಅವನು ಜಗ್ ಎತ್ತಿದೊಡನೆ ನಾಲ್ಕು ಫೋನು ಮೇಲೇಳತೊಡಗಿದವು. ಒಂದು ದಿನ ಎತ್ತಿದ ಜಗ್ಗನ್ನು ಹಾಗೇ ಕೆಳಗಿಟ್ಟ. ಮಾರನೆಯ ದಿನ ಅದನ್ನು ಮುಟ್ಟಲೇ ಇಲ್ಲ.

ನನಗೆ ದಿಗಿಲಾಯಿತು. ಚಿತ್ರ ಅಳಿಸಿದೆ. ಎಲ್ಲರಿಗೂ ಅಳಿಸಲಾಗಿದೆ ಎಂದಿತು ಫೋನು. ಎಲ್ಲರೂ ಎಂದರೆ ನಮ್ಮ ಮನೆಯ ಹದಿನಾಲ್ಕು ಜನ. ಆ ಚಿತ್ರ ಕಂಡ ಕಡೆಯಲ್ಲೆಲ್ಲ, 'ದಯವಿಟ್ಟು ತೆಗೆಯಿರಿ, ಅವರಿಗೆ ಕಾಯಿಲೆ ಇದೆ' ಎಂದು ಬರೆದೆ. 'ಕುಡಿಯೋದು ನೋಡಿದ್ರೇ ಗೊತ್ತಾಗುತ್ತೆ' ಎಂದು ಉತ್ತರ ಬಂತು, ಕೆಳಗೆ ನಗುವ ಮುಖಗಳ ಸಾಲು. ಯಾರ ಕಾಲು ಹಿಡಿಯಲಿ, ಅಲ್ಲಿ ಮನುಷ್ಯರೇ ಕಾಣಲಿಲ್ಲ.

ಪ್ರೆಸ್ಸಿನ ಹತ್ತಿರ ಹೋಗಿ ನಿಂತೆ. ಮಾವನ ತುಟಿ ಒಡೆದು ಬೆಳ್ಳಗಾಗಿತ್ತು.

"ಮಾವ, ಅದನ್ನ ಬರೆದಿದ್ದು ನಾನೇ."

"ಗೊತ್ತು ಕಣೇ. ನಿನ್ನ ಚೀಟಿ ನಂಗೆ ಗೊತ್ತಾಗಲ್ವಾ?" ಶೀಟಿನ ಮೂಲೆ ಎಳೆದು ನೇರ ಮಾಡಿದ. "ಚೆನ್ನಾಗೇ ಬರೆದಿದ್ದೀಯ."

ಬೈದಿದ್ದರೆ ಅತ್ತುಬಿಡುತ್ತಿದ್ದೆ. "ನನ್ನ ಮೇಲೆ ಸಿಟ್ಟು ಮಾಡ್ಕೋ, ನೀರಿನ ಮೇಲೆ ಬೇಡ. ಕುಡಿ ಮಾವ."

"ಬಾಯಾರಿಕೆ ಇಲ್ಲ."

ಅತ್ತೆಯಿಂದ ಹೇಳಿಸಿದೆ, ಅಮ್ಮನಿಂದ ಗದರಿಸಿದೆ. ಬಾಟಲಿಗೆ ಬಟ್ಟೆ ಸುತ್ತಿ ಕೊಟ್ಟೆ. ಎಲ್ಲದಕ್ಕೂ ಹೂಂಗುಟ್ಟುತ್ತಿದ್ದ, ಸಂಜೆ ಬಾಟಲಿ ತುಂಬಿದ ಹಾಗೇ ಮನೆಗೆ ವಾಪಸ್ಸು ಬರುತ್ತಿತ್ತು.

ಮೂರನೇ ವಾರ ಪ್ರೆಸ್ಸಿನ ಮುಂದೆಯೇ ಪಕ್ಕೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಯಲ್ಲಿ ಎರಡು ದಿನ ಕಣ್ಣೇ ಬಿಡಲಿಲ್ಲ. ಉಳಿದಿದ್ದ ಕಿಡ್ನಿಯೂ ಸೋಲುತ್ತಾ ಬಂದಿದೆ ಎಂದರು ಡಾಕ್ಟರು. "ಬರೀ ಡ್ರಿಪ್ ಸಾಲಲ್ಲ, ಎಚ್ಚರ ಆದ ಮೇಲೆ ಗಂಟೆಗೊಂದು ಲೋಟ ನೀರು ಹೋಗಲೇಬೇಕು. ಒಳಗೆ ಹೋದ್ರೆ ಕಿಡ್ನಿ ಉಳಿಯುತ್ತೆ, ಇಲ್ಲಾಂದ್ರೆ ನಮ್ಮ ಕೈಲೂ ಇಲ್ಲ."

ಮೂರನೇ ದಿನ ಕಣ್ಣು ಬಿಟ್ಟ ಮಾವನ ಕೈಗೆ ಲೋಟ ತುಂಬಿಸಿ ಇಟ್ಟೆ. ಅವನು ಅದನ್ನು ಎದೆಯ ಹತ್ತಿರ ಹಿಡಿದುಕೊಂಡು ವಾರ್ಡನ್ನು ಒಂದು ಸುತ್ತು ನೋಡಿದ. ಆರು ಮಂಚ, ಅವುಗಳ ಸುತ್ತ ನೋಡಲು ಬಂದವರು. ಯಾರ ಕೈಯಲ್ಲೂ ಫೋನಿರಲಿಲ್ಲ, ಯಾರೂ ನಮ್ಮ ಕಡೆ ತಿರುಗಿರಲಿಲ್ಲ.

"ಯಾರೂ ನೋಡ್ತಿಲ್ಲ ಮಾವ. ನನ್ನಾಣೆ. ಕುಡಿ."

ಅವನು ಲೋಟವನ್ನು ನನಗೇ ವಾಪಸ್ಸು ಕೊಟ್ಟ.

"ಇಟ್ಟಿರು ಪುಟ್ಟಿ," ಎಂದ ಮೆಲ್ಲಗೆ. "ಎಲ್ಲರೂ ಮಲಗಿದ ಮೇಲೆ ಕುಡೀತೀನಿ."

ಆಗಿನ್ನೂ ಬೆಳಗಿನ ಹನ್ನೊಂದು ಗಂಟೆ.