ಎಡಗಿವಿಯ ತಂಬೂರಿ

ಆ ಬೆಳಿಗ್ಗೆ ನಾನು ಕೇಳುತ್ತಿದ್ದುದು ತೋಡಿ ರಾಗ. ಆಳಂದದ ನಮ್ಮ ಮನೆಯ ಮಾಳಿಗೆಯ ಮೇಲೆ ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದೆ. ಮಳೆಗಾಲದ ಮೋಡ ಮುಚ್ಚಿತ್ತು. ಹಾಡು ಶುರುವಾಗುವ ಮುನ್ನ ತಂಬೂರಿಯೊಂದೇ ನುಡಿಯುವ ಅರ್ಧ ನಿಮಿಷ ನನಗೆ ಬಹಳ ಇಷ್ಟ. ಅಂದು ಆ ಅರ್ಧ ನಿಮಿಷದಲ್ಲಿ ಎರಡು ತಂಬೂರಿ ಕೇಳಿಸಿದವು. ಬಲಗಿವಿಯಲ್ಲಿ ಒಂದು, ಎಡಗಿವಿಯಲ್ಲಿ ಇನ್ನೊಂದು. ಎಡಗಡೆಯದರ ಸುರ ಒಂದಿಷ್ಟು ಇಳಿದಿತ್ತು, ತಗಡಿನ ಡಬ್ಬಿಯೊಳಗೆ ಕೂತು ನುಡಿಸಿದಂತಿತ್ತು.

ಇಯರ್‌ಫೋನ್ ಕೆಟ್ಟಿದೆ ಅಂದುಕೊಂಡೆ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಿಸಿದೆ. ಇಳಿದ ತಂಬೂರಿ ಎಡಗಡೆಯೇ ಉಳಿಯಿತು. ಕೆಟ್ಟಿದ್ದು ಕಿವಿ.

ನಮ್ಮದು ಮೂವರ ಒಂದು ವಾಟ್ಸಾಪ್ ಗುಂಪು. ಹೆಸರು ‘ಈಗೇನ್ ಕೇಳಾಕತ್ತೀರಿ’. ಅಫಜಲಪುರ ತಾಲ್ಲೂಕಿನ ಕರಜಗಿಯಲ್ಲಿ ಕಬ್ಬು ಬೆಳೆಯುವ ಹಿರಿಯರೊಬ್ಬರು. ಅವರನ್ನು ನಾವು ಕಾಕಾ ಅನ್ನುತ್ತೇವೆ. ಜೇವರ್ಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡ ಅಕ್ಕ. ಮೂರನೆಯವನು ನಾನು, ತಾಲ್ಲೂಕಿನ ಭೂಮಾಪಕ. ಕೆಲವು ವರ್ಷಗಳ ಹಿಂದೆ ಕಲಬುರಗಿಯ ಒಂದು ಸಂಗೀತ ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಅಕ್ಕಪಕ್ಕ ಕೂತವರು. ಊಟದ ಬಿಡುವಿನಲ್ಲಿ ಎಲ್ಲರೂ ಎದ್ದು ಹೋದರೂ ನಾವು ಮೂವರೇ ಕೂತಿದ್ದೆವು, ಅದರಿಂದ ಮಾತು ಬೆಳೆಯಿತು. ಗುಂಪಿಗೆ ಒಂದೇ ಕಟ್ಟಳೆ: ಬೆಳಿಗ್ಗೆ ಏನು ಕೇಳುತ್ತಿದ್ದೇವೋ ಅದನ್ನು ಎರಡು ಸಾಲು ಬರೆಯಬೇಕು. ಕೇಳದೆ ಕಳಿಸಬಾರದು.

ಅಂದು ಕಾಕಾ ಕಬ್ಬಿಗೆ ನೀರು ಬಿಟ್ಟು ಬದುವಿನ ಮೇಲೆ ಕೂತು ಭೈರವ ಕೇಳುತ್ತಿದ್ದರು. ಅಕ್ಕ ಲಲಿತ ಕೇಳಿ, ಮಧ್ಯಮ ಬಂದಾಗೆಲ್ಲ ಹೊಲಿಗೆ ಮಿಷಿನ್ ತಾನಾಗಿ ನಿಲ್ಲುತ್ತದೆ ಎಂದು ಬರೆದಿದ್ದಳು. ನಾನೂ ಬರೆದೆ: ‘ತೋಡಿ ಕೇಳಾಕತ್ತೇನಿ. ತಂಬೂರಿ ಭಾಳ ಚಂದ ಕೂಡ್ಯದ.’ ಅದು ನನ್ನ ಮೊದಲ ಸುಳ್ಳು.

ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ನನ್ನ ಅಪ್ಪನಿಗೆ ಐವತ್ತು ದಾಟುವಷ್ಟರಲ್ಲಿ ಕಿವಿ ಹೋಗಿತ್ತು. ಮನೆಯಲ್ಲಿ ಎಲ್ಲರೂ ನಗುವಾಗ ಆತ ಒಂದು ಗಳಿಗೆ ತಡವಾಗಿ ನಗುತ್ತಿದ್ದ, ನಮ್ಮ ಮುಖ ನೋಡಿಕೊಂಡು. ಬರುಬರುತ್ತ ನಾವು ಅವನಿಗೆ ಬೇಕಾದದ್ದನ್ನು ಮಾತ್ರ ಕೂಗಿ ಹೇಳತೊಡಗಿದೆವು: ಊಟ, ಔಷಧ, ಯಾರೋ ಸತ್ತ ಸುದ್ದಿ. ಉಳಿದ ಮಾತೆಲ್ಲ ಅವನ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಹಾಗೆ ಕೂಗಿದವರಲ್ಲಿ ನಾನೂ ಒಬ್ಬ. ನನಗೀಗ ನಲವತ್ತೊಂಬತ್ತು. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗುತ್ತದೆ, ಹೇಳದಿದ್ದರೆ ನಾಳೆ ಬೆಳಗಾಗುವುದರೊಳಗೆ ಸರಿಹೋಗಬಹುದು ಎಂದುಕೊಂಡೆ.

ಸರಿಹೋಗಲಿಲ್ಲ. ದಿನಾ ಎದ್ದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಎರಡು ಬೆರಳನ್ನು ಎಡಗಿವಿಯ ಹತ್ತಿರ ತಿಕ್ಕಿ ನೋಡುತ್ತಿದ್ದೆ. ಮೊದಲ ದಿನ ಸಣ್ಣಗೆ ಸರಸರ ಕೇಳಿಸಿತು. ನಾಲ್ಕನೆಯ ದಿನ ಏನೂ ಕೇಳಿಸಲಿಲ್ಲ. ಬದಲಿಗೆ ಕಿವಿಯೊಳಗೇ ಗುಂಯ್ ಎನ್ನುವ ಸದ್ದು ಹುಟ್ಟಿಕೊಂಡಿತ್ತು. ಮಾಳಿಗೆಗೆ ಹೋಗಿ ಹಾಡು ಹಚ್ಚುವುದಕ್ಕೇ ಅಂಜಿಕೆಯಾಗತೊಡಗಿತು. ಹಚ್ಚಿದರೆ ಎರಡು ಷಡ್ಜ ಕೇಳುತ್ತಿದ್ದವು. ಹಾಡುವವರು ಯಾವುದರ ಮೇಲೆ ನಿಂತಿದ್ದಾರೆ ಎಂದೇ ತಿಳಿಯುತ್ತಿರಲಿಲ್ಲ. ಹಾಗಾಗಿ ಕೇಳುವುದನ್ನು ಬಿಟ್ಟು, ಎಂದೋ ಕೇಳಿದ್ದನ್ನು ನೆನಪಿನಿಂದ ತೆಗೆದು ಗುಂಪಿಗೆ ಬರೆಯುತ್ತ ಹೋದೆ. ಹೆಂಡತಿ ಒಮ್ಮೆ, ಫೋನನ್ನು ಯಾಕೆ ಬಲಗಿವಿಗೇ ಹಿಡಿಯುತ್ತೀರಿ ಎಂದು ಕೇಳಿದಳು. ಎಡಗೈ ನೋಯುತ್ತಿದೆ ಅಂದೆ. ಅವಳು ಎಣ್ಣೆ ಕಾಸಿ ತಂದು ಕೈಗೆ ತಿಕ್ಕಿದಳು.

ಒಂಬತ್ತನೆಯ ದಿನ ಖಜೂರಿಯಲ್ಲಿ ಒಂದು ಹೊಲದ ಹದ್ದಬಸ್ತು, ಅಂದರೆ ಗಡಿ ಅಳೆದು ಗುರುತಿಸುವ ಕೆಲಸ ಇತ್ತು. ಅಣ್ಣತಮ್ಮಂದಿರ ನಡುವೆ ಬಾಂದುಕಲ್ಲಿನ ತಕರಾರು. ಹೊಲ ರಸ್ತೆಗೆ ಹತ್ತಿತ್ತು. ಮಹಾರಾಷ್ಟ್ರದ ಕಡೆಗೆ ಹೋಗುವ ಲಾರಿಗಳು ಒಂದರ ಹಿಂದೆ ಒಂದು. ಆಚೆ ಬದಿಯಲ್ಲಿ ಹಳೆಯ ಕಲ್ಲು ಇದೆಯೇ ನೋಡಲು ನಕಾಶೆ ಕೈಯಲ್ಲಿ ಹಿಡಿದು ರಸ್ತೆಗೆ ಇಳಿದೆ. ಹಾರ್ನ್ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು, ಆದರೆ ಬಲಗಡೆಯಿಂದ. ಬಲಕ್ಕೆ ನೋಡಿದೆ, ರಸ್ತೆ ಖಾಲಿ. ಇನ್ನೊಂದು ಹೆಜ್ಜೆ ಇಟ್ಟೆ. ಯಾರೋ ಹಿಂದಿನಿಂದ ಅಂಗಿಯ ಕೊರಳುಪಟ್ಟಿ ಹಿಡಿದು ಎಳೆದರು. ಎಡಗಡೆಯಿಂದ ಬಂದ ಲಾರಿ ನಕಾಶೆಯನ್ನು ಕೈಯಿಂದ ಕಿತ್ತುಕೊಂಡು ಹೋಯಿತು.

ಎಳೆದವನು ತಕರಾರಿನ ಹಿರಿಯಣ್ಣ.

“ಸಾಹೇಬ್ರ, ಅಷ್ಟು ಹಾರನ್ ಹೊಡಿಲಾಕತ್ತಾನ, ನೀವು ಆಕಡೆ ಯಾಕ್ ನೋಡಾಕತ್ತೀರಿ?” ಎಂದು ಕೇಳಿದ.

ಲೆಕ್ಕದ ಗುಂಗಿನಲ್ಲಿದ್ದೆ ಅಂದೆ. ಬೇವಿನ ಗಿಡದ ಕೆಳಗೆ ಕೂರಿಸಿ ನೀರು ಕೊಟ್ಟರು. ಒಂದು ಕಿವಿ ಹೋದರೆ ಸದ್ದು ಎಲ್ಲಿಂದ ಬರುತ್ತದೆ ಎಂಬುದೂ ಹೋಗುತ್ತದೆ ಎಂದು ನನಗೆ ಅಂದೇ ಗೊತ್ತಾಗಿದ್ದು. ಊರಿಗೆ ಮರಳುವಾಗ ಬೈಕನ್ನು ರಸ್ತೆಯ ತೀರ ಅಂಚಿಗೆ ಹಿಡಿದು, ಇಪ್ಪತ್ತರ ವೇಗದಲ್ಲಿ, ಹಿಂದಿರುಗಿ ಹಿಂದಿರುಗಿ ನೋಡುತ್ತ ಬಂದೆ. ಆಗಲೂ ಮನೆಯಲ್ಲಿ ಹೇಳಲಿಲ್ಲ. ನಕಾಶೆ ಗಾಳಿಗೆ ಹರಿಯಿತು ಎಂದಷ್ಟೇ ಹೇಳಿದೆ.

ಆ ಭಾನುವಾರ ನಾವು ಮೂವರೂ ಜೇವರ್ಗಿಯಲ್ಲಿ ಅಕ್ಕನ ಅಂಗಡಿಯಲ್ಲಿ ಸೇರುವುದು ಮೊದಲೇ ನಿಗದಿಯಾಗಿತ್ತು. ತಪ್ಪಿಸಿಕೊಳ್ಳಬೇಕೆಂದು ಮಾಡಿದೆ, ಸರಿಯಾದ ನೆಪ ಸಿಗಲಿಲ್ಲ. ಬಸ್ಸಿನಲ್ಲಿ ಹೋದೆ. ಕಾಕಾ ನನಗಿಂತ ಮೊದಲು ಬಂದು, ರವಿಕೆ ಬಟ್ಟೆಗಳ ಗಂಟನ್ನು ಸರಿಸಿ ಕೂತಿದ್ದರು. ಅಕ್ಕ ಸಜ್ಜೆರೊಟ್ಟಿ, ಹೆಸರುಕಾಳು ಪಲ್ಯ ಮಾಡಿದ್ದಳು. ಉಂಡಾದ ಮೇಲೆ ಸಣ್ಣ ಸ್ಪೀಕರ್ ಮೇಲೆ ಮುಲ್ತಾನಿ ಹಚ್ಚಿದಳು. ಇಬ್ಬರೂ ಕಣ್ಣು ಮುಚ್ಚಿದರು. ನಾನು ಅವರ ಮುಖ ನೋಡುತ್ತ, ಅವರು ತಲೆದೂಗಿದಾಗ ತಲೆದೂಗುತ್ತಿದ್ದೆ. ಒಂದು ಗಳಿಗೆ ತಡವಾಗಿ. ಹಾಗೆ ತಲೆದೂಗುತ್ತಿರುವವನು ನನ್ನ ಅಪ್ಪ ಎಂದು ಥಟ್ಟನೆ ಅನ್ನಿಸಿತು.

ಅಕ್ಕ ಹಾಡು ನಿಲ್ಲಿಸಿದಳು. ನನ್ನನ್ನೇ ನೋಡುತ್ತಿದ್ದಳು.

“ಮಂಗಳವಾರ ನಾನೊಂದು ಹಳೇ ಪೂರಿಯಾ ಕಳಿಸಿದ್ನಲ್ಲ, ಅದನ್ನ ಕೇಳಿದ್ರೇನು?”

ಕೇಳಿದೆ ಅಂದೆ.

“ಅರ್ಧದಾಗ ಟೇಪ್ ಜಾರಿ ಸುರ ಎಲ್ಲಾ ಕೆಳಗ ಇಳಿತದ. ನಗಲಿ ಅಂತ ಕಳಿಸಿದ್ದೆ. ಕಾಕಾ ನಕ್ಕರು. ನೀವು ಸುರ ಭಾಳ ಶುದ್ಧ ಅದ ಅಂತ ಬರದ್ರಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಏನಾಗ್ಯದ ಹೇಳ್ರಿ ತಮ್ಮಾ.”

ನಾನು ಹೇಳಿದೆ. ಎರಡು ತಂಬೂರಿಯಿಂದ ಹಿಡಿದು ಲಾರಿಯವರೆಗೆ. ಕಾಕಾ ಎಷ್ಟು ದಿನವಾಯಿತು ಎಂದು ಕೇಳಿದರು. ಹನ್ನೆರಡು ಅಂದಾಗ ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಮ್ಮ ಬೀಗರೊಬ್ಬರಿಗೆ ಹೀಗೇ ಆಗಿತ್ತು, ಎರಡನೆಯ ದಿನವೇ ದವಾಖಾನೆಗೆ ಹೋಗಿದ್ದರಿಂದ ಕಿವಿ ಉಳಿಯಿತು ಎಂದರು. ಅದನ್ನು ಹೇಳಬಾರದಿತ್ತು ಎಂದು ಅವರಿಗೇ ಅನ್ನಿಸಿರಬೇಕು, ಟೊಪ್ಪಿಗೆಯನ್ನು ಮತ್ತೆ ತಲೆಗಿಟ್ಟುಕೊಂಡರು. ಅಕ್ಕ ನನ್ನ ಫೋನು ತೆಗೆದು ನನ್ನ ಕೈಗೇ ಕೊಟ್ಟಳು.

“ಮೊದಲ ಮನ್ಯಾಗ ಹೇಳ್ರಿ. ಇಲ್ಲೇ ಕುಂತು ಹೇಳ್ರಿ.”

ಹೆಂಡತಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳು, ಎಣ್ಣೆ ತಿಕ್ಕಿಸಿಕೊಂಡಿರಲ್ಲ, ಆವಾಗ ಹೇಳಬಹುದಿತ್ತು ಎಂದಳು. ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಕಲಬುರಗಿಗೆ ಹೋದೆವು.

ಕಿವಿ ಪರೀಕ್ಷೆಗೆ ಒಂದು ಸಣ್ಣ ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿದರು. ಹೊರಗಿನ ಒಂದು ಸದ್ದೂ ಒಳಗೆ ಬರುವುದಿಲ್ಲ. ಕಿವಿಗೆ ದಪ್ಪ ಹೆಡ್‌ಫೋನ್, ಕೈಯಲ್ಲಿ ಒಂದು ಗುಂಡಿ. ಸದ್ದು ಕೇಳಿದಾಗ ಒತ್ತಬೇಕು. ಬಲಗಿವಿಯ ಸರದಿಯಲ್ಲಿ ಒತ್ತುತ್ತ ಹೋದೆ. ಎಡಗಿವಿಯದು ಬಂದಾಗ ಒಂದೆರಡು ಬಾರಿ ಒತ್ತಿದೆ, ಆಮೇಲೆ ಏನೂ ಇಲ್ಲ. ಸದ್ದೇ ಕಳಿಸುತ್ತಿಲ್ಲವೋ, ಕಳಿಸಿದ್ದು ನನಗೆ ಮುಟ್ಟುತ್ತಿಲ್ಲವೋ ತಿಳಿಯದು. ಗಾಜಿನಾಚೆ ಕೂತ ಹುಡುಗಿಯ ಕೈ ಮಾತ್ರ ಅಲುಗಾಡುತ್ತಿತ್ತು. ಅವಳ ಕೈ ನೋಡಿಕೊಂಡು ಗುಂಡಿ ಒತ್ತಿಬಿಡಬೇಕು ಅನ್ನಿಸಿತು. ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಕಣ್ಣು ಮುಚ್ಚಿಕೊಂಡು ಆ ಮೌನದಲ್ಲಿ ಕೂತೆ. ಅಷ್ಟು ಹೆದರಿಕೆ ನನಗೆ ಲಾರಿಯ ಮುಂದೆಯೂ ಆಗಿರಲಿಲ್ಲ.

ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಕೇಳುವ ನರಕ್ಕೆ ಪೆಟ್ಟಾಗಿದೆ, ಕಾರಣ ಬಹಳ ಸಲ ಗೊತ್ತಾಗುವುದಿಲ್ಲ, ಮೊದಲ ದಿನಗಳಲ್ಲೇ ಬಂದಿದ್ದರೆ ಹೆಚ್ಚು ಆಸೆ ಇರುತ್ತಿತ್ತು ಎಂದರು. ಮಾತ್ರೆ ಬರೆದರು, ವಾರಕ್ಕೊಮ್ಮೆ ಕಿವಿಯೊಳಗೇ ಸೂಜಿ ಹಾಕುವುದೆಂದರು. ಇನ್ನೊಂದು ಕಿವಿಗೂ ಬರುತ್ತದೆಯೇ ಎಂದು ಹೆಂಡತಿ ಕೇಳಿದಳು. ಅದು ಅಪರೂಪ ಎಂದರು. ಆಗುವುದೇ ಇಲ್ಲ ಎನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಗುಂಪಿಗೆ ಬರೆದೆ: ‘ಇವತ್ತು ಏನೂ ಕೇಳಿಲ್ಲ. ಅಂಜಿಕಿ ಆಗ್ಯದ.’ ಕಾಕಾ ತಾವು ಕೇಳಿದ್ದನ್ನು ಬರೆಯಲಿಲ್ಲ. ಆ ಸಂಜೆ ಕರಜಗಿಯಿಂದ ಆಳಂದಕ್ಕೇ ಬಂದು, ನನ್ನ ಬಲಗಡೆ ಕೂತು ಚಹಾ ಕುಡಿದು, ಕಬ್ಬಿನ ಮಾತಾಡಿ ಹೋದರು. ಅಕ್ಕ ಮಾತ್ರ ಎಂದಿನಂತೆ ತನ್ನ ಎರಡು ಸಾಲು ಬರೆಯುತ್ತಿದ್ದಳು. ನಾನು ಅವನ್ನು ಓದುತ್ತಿದ್ದೆ. ಹಲವು ದಿನ ನನ್ನ ಪಾಲಿಗೆ ಸಂಗೀತವೆಂದರೆ ಅಷ್ಟೇ.

ಒಂದೂವರೆ ತಿಂಗಳ ಮೇಲೆ ಕೆಳಸ್ಥಾಯಿಯ ಸದ್ದು ಕೊಂಚ ಮರಳಿತು. ಮೇಲಿನದು ಬರಲಿಲ್ಲ, ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಎರಡು ತಂಬೂರಿಗಳು ಹತ್ತಿರ ಹತ್ತಿರ ಬಂದವು, ಒಂದಾಗಲಿಲ್ಲ. ಈಗ ಬಲಗಿವಿಯೊಂದಕ್ಕೇ ಇಯರ್‌ಫೋನ್ ಹಾಕಿ ಕೇಳುತ್ತೇನೆ. ಹಿರೋಳ್ಳಿ, ಖಜೂರಿ ಕಡೆ ಅಳತೆಗೆ ಹೋದಾಗ ರಸ್ತೆ ದಾಟುವ ಮುನ್ನ ಹೊಲದವರಿಗೆ, ನನಗೆ ಎಡಗಿವಿ ಕೇಳುವುದಿಲ್ಲ ಎಂದು ಮೊದಲೇ ಹೇಳುತ್ತೇನೆ. ಹೇಳುವಾಗ ಈಗಲೂ ನಾಲಿಗೆ ತುಸು ತಡವರಿಸುತ್ತದೆ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎದ್ದಾಗ ಬಲಗಿವಿ ಮುಚ್ಚಿಕೊಂಡಿತ್ತು. ಅಡುಗೆ ಮನೆಯ ಪಾತ್ರೆಯ ಸದ್ದು ದೂರದಿಂದ ಬರುತ್ತಿತ್ತು. ಬಚ್ಚಲಿಗೆ ಹೋಗಲಿಲ್ಲ, ಬೆರಳು ತಿಕ್ಕಿ ನೋಡಲಿಲ್ಲ. ನೇರ ಒಲೆಯ ಹತ್ತಿರ ಹೋಗಿ ಹೆಂಡತಿಗೆ ಹೇಳಿದೆ. ಅವಳು ಹಿಟ್ಟಿನ ಕೈ ತೊಳೆದುಕೊಂಡು, ಚಪ್ಪಲಿ ಹಾಕಿಕೊಂಡಳು. ಬಸ್ಸಿನಲ್ಲಿ ಕಲಬುರಗಿಯವರೆಗೂ ಅವಳು ಏನೋ ಮಾತಾಡುತ್ತಲೇ ಬಂದಳು, ನನಗೆ ಕೇಳುತ್ತಿದೆಯೇ ಎಂದು ತಿಳಿಯಲಿಕ್ಕೆ. ನೆಗಡಿಯಿಂದ ಕಟ್ಟಿಕೊಂಡಿತ್ತು, ಅಷ್ಟೇ. ಡಾಕ್ಟರು ನಕ್ಕರು. ನಾವಿಬ್ಬರೂ ನಗಲಿಲ್ಲ. ಹೊರಗೆ ಬಂದು, ಬಸ್‌ ನಿಲ್ದಾಣದ ಎದುರಿನ ಕಟ್ಟೆಯ ಮೇಲೆ ಆಳಂದದ ಬಸ್ಸು ಬರುವವರೆಗೆ ಕೂತೆವು.