ಚಿತ್ರದ ನೆರಿಗೆ ಸರಿಮಾಡಿದ ಅಪೆಲೋನೆ

ಕೋಪನ್‌ಹೇಗನ್ ಅರಮನೆಯಲ್ಲಿ ಹತ್ತೊಂಬತ್ತು ವರ್ಷ ಗಂಜಿ ಕಾಯಿಸಿದವಳು ಅಪೆಲೋನೆ. ಕುಡಿಯುವ ಗಂಜಿಯಲ್ಲ, ಗೋಧಿಯನ್ನು ಹುಳಿ ಬರುವತನಕ ನೆನೆಸಿ, ಹಿಂಡಿ, ಸೋಸಿ, ರಾಜಮನೆತನದ ಕೊರಳಪಟ್ಟಿಗಳಿಗೆ ಹಾಕುವ ಗಂಜಿ. ಕಾದ ಕಬ್ಬಿಣದ ಕಡ್ಡಿ ತೂರಿಸಿ ಅವಳು ಒಂದೊಂದೇ ನೆರಿಗೆ ಎಬ್ಬಿಸಿದರೆ ಪಟ್ಟಿ ಬಂಡಿಚಕ್ರದಂತೆ ಸೆಟೆದು ನಿಲ್ಲುತ್ತಿತ್ತು. ತೊಟ್ಟವರಿಗೆ ತಮ್ಮ ಕಾಲು ತಮಗೇ ಕಾಣುತ್ತಿರಲಿಲ್ಲ. ನಮ್ಮಂಥವರ ಕಾಲು ಮರೆಯಾಗಲು ಹೊಟ್ಟೆಯೊಂದೇ ಸಾಕು. ಪಾಪ, ದೊಡ್ಡವರಿಗೆ ಅಪೆಲೋನೆ ಬೇಕಿತ್ತು.

ಅವಳಿಗೊಂದು ಚಾಳಿ. ಎಲ್ಲಿ ನೆರಿಗೆ ಜೋತುಬಿದ್ದದ್ದು ಕಂಡರೂ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಇಗರ್ಜಿಯಲ್ಲಿ ಪ್ರಾರ್ಥನೆಯ ನಡುವೆ ಮುಂದಿನ ಬೆಂಚಿನ ಅಪರಿಚಿತರ ಕೊರಳಪಟ್ಟಿ ತೀಡಿ ಎರಡು ಸಲ ಬೈಸಿಕೊಂಡಿದ್ದಳು.

ಆ ವಸಂತದಲ್ಲಿ ಮೂರು ವರ್ಷದ ರಾಜಕುಮಾರಿಯ ಚಿತ್ರ ಬರೆಯಲು ಹಾಲೆಂಡಿನ ಚಿತ್ರಕಾರ ಗೋವರ್ಟ್ ಬಂದ. ಅರಮನೆಯವರಿಗೆಲ್ಲ ಅವನು ಮೇಷ್ಟ್ರು. ಚಿತ್ರ ಜರ್ಮನ್ ಅರಮನೆಯೊಂದಕ್ಕೆ, ಮುಂದೆಂದೋ ಆಗಬೇಕಾದ ಸಂಬಂಧದ ಸಲುವಾಗಿ, ಹೋಗಬೇಕಿತ್ತು. ಶುಕ್ರವಾರ ಅದನ್ನು ನೋಡಲು ಬರುವವರು ಅಂತಃಪುರದ ಯಜಮಾನಿ ಫ್ರೂ ವಿಬೆಕೆ. ಈಸ್ಟರ್ ಹಬ್ಬದಲ್ಲಿ ಒಂದೇ ಒಂದು ನೆರಿಗೆ ಸಡಿಲಾದದ್ದಕ್ಕೆ ಈ ಯಮ್ಮ, "ಇನ್ನೊಂದ್ಸಲ ಹೀಗಾದ್ರೆ ಹೆಲ್ಸಿಂಗೋರಿಂದ ಗಂಜಿ ಹಾಕೋ ಟ್ರಿನೆಯನ್ನ ಕರೆಸ್ಕೋತೀನಿ. ನೀನು ಗಂಟುಮೂಟೆ ಕಟ್ಕೋ," ಎಂದಿದ್ದರು.

ಬುಧವಾರ ಮಧ್ಯಾಹ್ನ ಮೇಷ್ಟ್ರು ಉಪ್ಪುಮೀನು, ಬಿಯರು ಎಂದು ಊಟಕ್ಕೆ ಹೋಗಿದ್ದಾಗ ಅಪೆಲೋನೆ ಮಗುವಿನ ಕೊರಳಪಟ್ಟಿ ಒಯ್ಯಲು ಅವನ ಕೋಣೆಗೆ ಬಂದಳು. ಚಿತ್ರ ನೋಡಿದಳು. ಎಡಗಡೆ ಪಟ್ಟಿ ಬೆಂದ ಕೋಸಿನ ಎಲೆಯ ಹಾಗೆ ಜೋತುಬಿದ್ದಿತ್ತು! ಟ್ರಿನೆ ಗಾಡಿ ಹತ್ತಿ ಬರುತ್ತಿರುವುದು ಕಣ್ಣಮುಂದೆ ಕಟ್ಟಿತು. ಅಷ್ಟರಲ್ಲಿ ಅವಳ ಕೈ ಹೋಗಿಯೇಬಿಟ್ಟಿತ್ತು. ಹೆಬ್ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ, ಬಿಗಿಯಾಗಿ, ಕಸುಬಿನವಳ ಹದದಲ್ಲಿ ತೀಡಿದಳು.

ಹಸಿ ಬಣ್ಣ ಕಿವಿಯತನಕ ಏರಿತು. ಕುಮಾರಿಗೆ ಒಂದು ಕೆನ್ನೆಯಲ್ಲಿ ಬಿಳಿ ಗಡ್ಡ ಬಂತು.

"ಅಯ್ಯೋ, ಏನ್ ಮಾಡ್ಬಿಟ್ಟೆ ಮಾರಾಯ್ತಿ!" ಬಾಗಿಲಲ್ಲಿ ಗೋವರ್ಟ್.

"ನೆರಿಗೆ ಬಿದ್ದಿತ್ತು ಮೇಷ್ಟ್ರೇ. ಎತ್ದೆ."

"ಅದು ಬಟ್ಟೆ ಅಲ್ಲ ಕಣೇ, ಬಣ್ಣ!"

"ಬಣ್ಣವೋ ಸುಣ್ಣವೋ, ನಾನು ಗಂಜಿ ಹಾಕಿದ್ದು ಯಾವತ್ತಾದ್ರೂ ಹೀಗೆ ಜೋತಾಡಿದ್ದುಂಟಾ?"

"ಆ ಮಗು ಮೂರು ದಿನದಿಂದ ಅದನ್ನೇ ಅಗೀತಾ ನಿಂತಿತ್ತು. ಕಂಡದ್ದನ್ನ ಬರ್ದೆ."

"ಕಂಡದ್ದನ್ನೆಲ್ಲ ಬರ್ಯೋರಾದ್ರೆ, ಮೂಗಿಂದ ಇಳೀತಿತ್ತಲ್ಲ, ಅದೆಲ್ಲಿ?"

ಗೋವರ್ಟ್ ಬಣ್ಣದ ಚಾಕು ಕೈಗೆತ್ತಿಕೊಂಡ. ಚಿತ್ರದ ಹಲಗೆಯ ಮೇಲಿನ ಗಡ್ಡ ಕೆರೆಯುತ್ತಾ ಯೋಚಿಸಿದ. ಮೂರು ದಿನ ನಿಂತು ಸಾಕಾಗಿದ್ದ ಕುಮಾರಿ ಈಗ ಅವನನ್ನು ಕಂಡರೆ ಚಿಟ್ಟನೆ ಚೀರುತ್ತಿದ್ದಳು. ಮತ್ತೆ ನಿಲ್ಲಿಸುವುದು ಆಗದ ಮಾತು. ಕೊನೆಗೆ ಅಪೆಲೋನೆಯೇ ಹೊಸ ಪಟ್ಟಿಯೊಂದಕ್ಕೆ ಎರಡರಷ್ಟು ಗಂಜಿ ಹಾಕಿ, ಅಡುಗೆಮನೆಯ ಬೆಣ್ಣೆಭರಣಿಯ ಕೊರಳಿಗೆ ತೊಡಿಸಿ ತಂದಿಟ್ಟಳು.

"ಅಳೋದಿಲ್ಲ, ಅಗಿಯೋದಿಲ್ಲ," ಎಂದ ಗೋವರ್ಟ್ ಕುಂಚ ಅದ್ದುತ್ತಾ. "ಇಷ್ಟು ವರ್ಷ ರಾಜರ ಹಿಂದೆ ಅಲೆಯೋ ಬದ್ಲು ಭರಣೀನೇ ಬರೀಬೇಕಿತ್ತು."

ಎರಡು ದಿನ ಅವಳು ಅವನ ಬೆನ್ನ ಹಿಂದೆ ನಿಂತು ಒಂದೊಂದು ನೆರಿಗೆಯನ್ನೂ ಎಣಿಸಿಕೊಂಡಳು. ಒಂದು ಕಡಿಮೆಯಾದಾಗ ಅವನು ಬಯ್ದುಕೊಂಡೇ ಸೇರಿಸಿದ.

ಶುಕ್ರವಾರ ಫ್ರೂ ವಿಬೆಕೆ ಚಿತ್ರಕ್ಕೆ ಮೂಗು ತಾಗಿಸುವಷ್ಟು ಹತ್ತಿರ ನಿಂತರು. ಅಪೆಲೋನೆ ಬಾಗಿಲ ಹಿಂದೆ ನಿಂತಿದ್ದಳು.

"ಮುಖ ಅಷ್ಟಕ್ಕಷ್ಟೇ ಮೇಷ್ಟ್ರೇ. ಆದ್ರೆ ಕೊರಳಪಟ್ಟಿ! ಅಪೆಲೋನೆ, ಬಾ ಇಲ್ಲಿ. ಇದು ನಿನ್ನ ಕೈದೇನಾ?"

"ಹೌದು ಅಮ್ಮಾವ್ರೇ."

"ಟ್ರಿನೆಯನ್ನ ಇನ್ನು ಕರೆಸೋದಿಲ್ಲ." ಅಪೆಲೋನೆಗೆ ಹೋದ ಜೀವ ಬಂತು. "ಇಷ್ಟು ಚೆನ್ನಾಗಿ ಬರುತ್ತೆ ಅಂದ್ಮೇಲೆ ಹತ್ತೊಂಬತ್ತು ವರ್ಷ ಯಾಕೆ ಕಳ್ಳಾಟ ಆಡ್ದೆ? ನಾಳೆಯಿಂದ ದಿನಾ ಹೀಗೇ ಇರ್ಬೇಕು."

"ಮಗು ಅಗೀದಿದ್ರೆ ಇರುತ್ತೆ ಅಮ್ಮಾವ್ರೇ..."

"ಚಿತ್ರದಲ್ಲಿ ಅಗೀತಿದ್ಯಾ?"

ಅಪೆಲೋನೆ ನೋಡಿದಳು. ಅಗಿಯುತ್ತಿರಲಿಲ್ಲ.

ಮೂಲಚಿತ್ರ ಜರ್ಮನಿಗೆ ಹೋಯಿತು. ಫ್ರೂ ವಿಬೆಕೆ ಅದರದೊಂದು ನಕಲು ಮಾಡಿಸಿ ಗಂಜಿಕೋಣೆಯ ಗೋಡೆಗೆ ಹಾಕಿಸಿದರು. ದಿನಾ ಬೆಳಿಗ್ಗೆ ಕೊರಳಪಟ್ಟಿಗಳನ್ನು ಅದರ ಪಕ್ಕಕ್ಕೆ ಹಿಡಿದು ನೋಡಿ, ಅಡ್ಡಡ್ಡ ತಲೆಯಾಡಿಸಿ, ನಿಟ್ಟುಸಿರು ಬಿಡುತ್ತಿದ್ದರು. ಅಪೆಲೋನೆ ಅದೇ ಗೋಡೆಯ ಕೆಳಗೆ ಇನ್ನೂ ಹನ್ನೊಂದು ವರ್ಷ ದುಡಿದಳು. ಕೆಲಸ ಗಟ್ಟಿಯಾಗಿ ಉಳಿಯಿತು, ನಿಜ. ಆದರೆ ಅವಳ ಕೈಕೆಲಸ ಅವಳ ಕೈಕೆಲಸದಷ್ಟು ಚೆನ್ನಾಗಿದೆ ಎಂದು ಒಂದು ದಿನವೂ ಯಾರೂ ಒಪ್ಪಲಿಲ್ಲ.